ನನ್ನನ್ನು ಗುರುತು ಹಿಡಿದ ಊರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮುಖ ಆಚೆ ತಿರುಗಿಸಿ ನಗುತ್ತಿದ್ದವನು. ನೀವೂ ನಕ್ಕರೆ ನನಗೇನೂ ಬೇಸರವಿಲ್ಲ.

ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಸಿಕ್ಕಿ ಜರ್ಮನಿಯ ಮ್ಯೂನಿಕ್‌ಗೆ ಬಂದ ಮೇಲಿನ ಎರಡನೇ ಚಳಿಗಾಲ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನದೇ ಮಾತು. ವಾರಾಂತ್ಯಗಳಲ್ಲಿ ಯಾರೊಡನೆಯೂ ಮಾತಿಲ್ಲದೆ ಕೋಣೆಯಲ್ಲಿ ಕೂತು ಸಾಕಾಗಿದ್ದ ನಾನೂ ಕಲಿಯಲು ಮನಸ್ಸು ಮಾಡಿದೆ. ಎಲ್ಲಿಗೆ ಹೋಗುವುದು ಎಂದು ಮ್ಯೂನಿಕ್‌ನಲ್ಲೇ ಇರುವ ಧಾರವಾಡದ ಗೆಳೆಯ ಪ್ರಶಾಂತನನ್ನು ಕೇಳಿದೆ.

"ಗಾರ್ಮಿಶ್ ಬ್ಯಾಡಲೇ, ಭಾಳ ಗದ್ಲ ಇರ್ತದ. ಫಸ್ಟ್ ಟೈಮ್ ಅಂದ್ರ ಸಣ್ಣ ಊರು ನೋಡು, ನಾನೂ ಬರ್ತೀನಿ" ಎಂದ.

ಹೊಸಬರಿಗೆಂದು ನೀಲಿ ಗುರುತು ಹಾಕಿದ ಇಳಿಜಾರುಗಳೇ ಹೆಚ್ಚಿರುವ, ಆಲ್‌ಗೊಯ್ ಬೆಟ್ಟಗಳ ನಡುವಿನ ಒಂದು ಹಳ್ಳಿಯನ್ನು ಆರಿಸಿದೆ. ಹೊರಡುವ ಬೆಳಿಗ್ಗೆ ಪ್ರಶಾಂತನ ಫೋನ್: "ಕೂಸಿಗೆ ಜ್ವರ ಬಂದಾವ. ನೀ ಹೋಗಿ ಬಾರಪಾ." ಒಬ್ಬನೇ ರೈಲು ಹತ್ತಿದೆ.

ಸ್ಕೀ ಬಾಡಿಗೆ ಕೊಡುವ ಅಂಗಡಿಯ ಹೆಂಗಸು ನನ್ನನ್ನು ಕಂಡದ್ದೇ ಮುಖ ಅರಳಿಸಿ, "ಬಂದಿರಾ! ಈ ವರ್ಷ ಒಬ್ಬರೇ? ಹೆಂಡತಿ, ಮಗಳು ಎಲ್ಲಿ?" ಎಂದಳು. ನನಗೆ ಮದುವೆಯೇ ಆಗಿಲ್ಲ. ನನ್ನ ಹರಕು ಜರ್ಮನ್ ಭಾಷೆಯಲ್ಲಿ, ಇದೇ ಮೊದಲ ಸಲ ಬರುತ್ತಿರುವುದು ಎಂದೆ. ತಮಾಷೆಯೆಂದುಕೊಂಡು ನಕ್ಕಳು. ಅಳತೆ ಕೇಳದೆಯೇ ಅವಳು ತಂದಿಟ್ಟ ಬೂಟು ನನ್ನ ಕಾಲಿಗೆ ಸರಿಯಾಗಿ ಕೂತಿತು.

ಇನ್ಯಾರೋ ಭಾರತೀಯನಿರಬೇಕು, ಇವರಿಗೆ ನಾವೆಲ್ಲ ಒಂದೇ ಥರ ಕಾಣುತ್ತೇವೆ ಎಂದುಕೊಂಡು ಹೊರಬಂದೆ. ಹೊಸಬರ ಇಳಿಜಾರಿನ ಬಳಿ ನಿಂತಿದ್ದ ಬಿಳಿಮೀಸೆಯ ತರಬೇತುದಾರ ನನ್ನ ಬೆನ್ನು ತಟ್ಟಿದ.

"ನೀವಿಲ್ಲೇನು ಮಾಡುತ್ತಿದ್ದೀರಿ? ಮೇಲೆ ನಡೆಯಿರಿ. ಮಗಳು ಸ್ನೋಬೋರ್ಡ್ ಕಲಿಯುತ್ತೇನೆ ಎನ್ನುತ್ತಿದ್ದಳಲ್ಲ, ಬರಲಿಲ್ಲವೇ?"

ಅಲ್ಲವೆನ್ನಲು ಬಾಯಿ ತೆರೆದೆ. ಆದರೆ ಈ ದೇಶಕ್ಕೆ ಬಂದ ಮೇಲೆ ನನ್ನ ಮನೆಯವರ ಬಗ್ಗೆ ಯಾರೂ ಹಾಗೆ ಅಕ್ಕರೆಯಿಂದ ವಿಚಾರಿಸಿರಲಿಲ್ಲ. "ಮುಂದಿನ ವರ್ಷ ಕರೆದುಕೊಂಡು ಬರುತ್ತೇನೆ" ಎಂದುಬಿಟ್ಟೆ.

ಅವನ ಜೊತೆ, ತಂತಿಗೆ ತೂಗುಬಿದ್ದ ಕುರ್ಚಿಗಳ ಲಿಫ್ಟ್‌ನಲ್ಲಿ ಕೂತು ಬೆಟ್ಟದ ಮೇಲೆ ಹೋದೆ. ತುದಿಯಲ್ಲಿ ಇಳಿದು ಕೆಳಗೆ ನೋಡಿದೆ. ಮನೆಗಳೆಲ್ಲ ಬೆಂಕಿಪೊಟ್ಟಣದಷ್ಟಿದ್ದವು. ನನಗೆ ಬರುವುದಿಲ್ಲ ಎನ್ನುವಷ್ಟರಲ್ಲಿ ಅವನು ಜಾರಿ ಹೊರಟಾಗಿತ್ತು. ಆಗ ನನ್ನ ಮೊಣಕಾಲುಗಳು ತಾವಾಗಿಯೇ ಬಾಗಿದವು. ಮೈ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಒಮ್ಮೆಯೂ ಬೀಳದೆ ಕೆಳಗೆ ಬಂದು ಅವನ ಪಕ್ಕದಲ್ಲೇ ನಿಂತೆ. ಅವನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನನಗೆ ಮಾತ್ರ ಅಲ್ಲಿ ಇನ್ನು ನಿಲ್ಲಲಾಗಲಿಲ್ಲ. ಬೂಟು ಹಿಂದಿರುಗಿಸಿ ಮಧ್ಯಾಹ್ನದ ರೈಲಿಗೇ ವಾಪಸಾದೆ.

ಮರುತಿಂಗಳು ಪ್ರಶಾಂತ ನನ್ನನ್ನು ಗಾರ್ಮಿಶ್‌ಗೆ ಎಳೆದುಕೊಂಡು ಹೋದ. ಅಲ್ಲಿ ಸಪಾಟು ನೆಲದ ಮೇಲೂ ನಿಲ್ಲಲಾಗದೆ ದಬದಬ ಬಿದ್ದೆ. "ಆ ಊರಿಗೆ ಇನ್ನೊಮ್ಮೆ ಹೋಗಿ ಕೇಳಿ ಬಾ" ಎಂದು ಅವನು ಈಗಲೂ ಹೇಳುತ್ತಿರುತ್ತಾನೆ. ನಾನು ಹೋಗಿಲ್ಲ. ಈಗಲೂ ಒಬ್ಬನೇ ಇದ್ದೇನೆ. ಅಂದು ನಡೆದದ್ದೇನೆಂದು ಎಷ್ಟು ಯೋಚಿಸಿದರೂ ತಿಳಿಯದು.

ಅಂದು ಲಿಫ್ಟ್‌ನಲ್ಲಿ ಆ ತರಬೇತುದಾರ ಆ ಹುಡುಗಿಯ ತುಂಟತನದ ಬಗ್ಗೆ ಹೇಳಿಕೊಂಡು ನಗುತ್ತಿದ್ದಾಗ, ಅವಳ ಹೆಸರೇನೆಂದು ಕೇಳಬೇಕೆಂದು ತುಂಬಾ ಅನ್ನಿಸಿತ್ತು. ಅಪ್ಪನಾದವನು ಅದನ್ನು ಹೇಗೆ ಕೇಳುವುದು ಎಂದು ಸುಮ್ಮನಾದೆ.