ಕಾಲ ಬಳಿ ನಿಂತ ಚೆಂಡು

ಕೊರೊನಾ ಕಳೆದ ಮರುವರ್ಷದ ಸುಗ್ಗಿ. ಸಿರುಗುಪ್ಪದ ಹತ್ತಿರ ಭತ್ತದ ರಾಶಿ ಮಾಡುವಾಗ ನಮ್ಮ ಮನೆಯವರ ಬಲಗಣ್ಣಿಗೆ ಹೊಟ್ಟು ಬಿತ್ತು. "ತಾನಾ ಹೋಗ್ತೈತಿ ಬಿಡು" ಎಂದು ಉಜ್ಜಿಕೊಂಡರು. ಯಾರೋ ಹೇಳಿದರೆಂದು ಹರಳೆಣ್ಣೆಯನ್ನೂ ಬಿಟ್ಟುಕೊಂಡರು. ಬಳ್ಳಾರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಳಗೆ ಹುಣ್ಣಾಗಿ, ಆ ಕಣ್ಣು ಹೋಯಿತು.

ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಬೇಗ ಸಿಗುವುದಿಲ್ಲ, ರೂಢಿಯಾಗಬೇಕು ಎಂದಿದ್ದರು ಡಾಕ್ಟರು. ರೂಢಿ ಮಾಡಿಕೊಳ್ಳುವ ಮನಸ್ಸೇ ಇವರಿಗಿರಲಿಲ್ಲ. ಚಹಾದ ಲೋಟಕ್ಕೆ ಕೈ ಚಾಚಿದರೆ ಕೈ ಈಚೆಗೇ ನಿಲ್ಲುತ್ತಿತ್ತು. ಟ್ರ್ಯಾಕ್ಟರ್ ಓಡಿಸುವುದು ಬಿಟ್ಟರು, ಊಟಕ್ಕೂ ಕರೆಯಬೇಕಾಯಿತು. "ನಂದು ಮುಗೀತು" ಎಂಬುದೊಂದೇ ಮಾತು. ಮನುಷ್ಯ ಕಣ್ಣೆದುರೇ ಇದ್ದಾನೆ, ಆದರೂ ಕೈಬಿಟ್ಟು ಹೋಗುತ್ತಿದ್ದಾನೆ ಅನ್ನಿಸಿ ನನ್ನ ಎದೆ ಒಡೆಯುತ್ತಿತ್ತು.

ಇವರು ಊರ ಕ್ರಿಕೆಟ್ ತಂಡದಲ್ಲಿ ದೊಡ್ಡ ಹೊಡೆತಗಾರ. ಚೆಂಡು ಕಾಲುವೆ ದಾಟಿಸಿದ್ದನ್ನು ಮದುವೆಯಾದ ಹೊಸದರಲ್ಲಿ ನನಗೆ ಎಷ್ಟು ಸಲ ಹೇಳಿದ್ದಾರೋ! ಅದು ನೆನಪಾಗಿ, ಒಂದು ಬೆಳಗ್ಗೆ ನಾನು ಕೆಲಸ ಮಾಡುವ ರೈಸ್ ಮಿಲ್ಲಿಗೆ ಅವರನ್ನೂ ಬ್ಯಾಟನ್ನೂ ಎಳೆದುಕೊಂಡು ಹೋದೆ.

ಆ ಬೆಳಗ್ಗೆ ಕನಸೋ ನನಸೋ ಅನ್ನುವಂತಿತ್ತು. ಭತ್ತ ಬೇಯಿಸಿದ ಹಬೆ ಮಂಜಿನೊಳಗೆ ಬೆರೆತು, ಭತ್ತ ಒಣಗಿಸುವ ಸಿಮೆಂಟಿನ ಕಣವೆಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಬೆಂದ ಭತ್ತದ ವಾಸನೆ. ಭತ್ತ ಹರಡಲು ಇನ್ನೂ ಹೊತ್ತಿತ್ತು. ಪಾರಿವಾಳಗಳು ಎಲ್ಲೋ ಗುಟುರು ಹಾಕುತ್ತಿದ್ದವು, ಎಲ್ಲಿ ಎಂದು ಕಾಣುತ್ತಿರಲಿಲ್ಲ.

ನಾನು ಟೆನಿಸ್ ಚೆಂಡು ಎಸೆದೆ. ಅವರು ಜೋರಾಗಿ ಬೀಸಿದರು, ಚೆಂಡು ಸಿಗಲಿಲ್ಲ. ಮತ್ತೆ ಬೀಸಿದರು, ಚೆಂಡು ಬಂದು ಎದೆಗೆ ಬಡಿಯಿತು. ಜೊತೆ ಕೆಲಸದ ಹುಸೇನಮ್ಮ ಮೂಲೆಯಿಂದ ಕೂಗಿದಳು: "ಏನವಾ, ಗಂಡನ ಮ್ಯಾಲ ಯಾವತ್ತಿನ ಸಿಟ್ಟು ತೀರಸ್ಕೊಳ್ಳಾಕತ್ತೀ?" ಎಲ್ಲರೂ ನಕ್ಕರು. ಇವರು ಬ್ಯಾಟು ಬಿಸಾಕಿ ಹೋಗಿ ಗೋಡೆಗೆ ಒರಗಿ ಕುಳಿತರು.

ನನಗೂ ರೇಗಿತು. ಸೆರಗು ಸಿಕ್ಕಿಸಿ ಬ್ಯಾಟು ಎತ್ತಿಕೊಂಡೆ. "ನಿಮಗ ಬ್ಯಾಡಾದ್ರ ನನಗರೆ ಕಲಸ್ರಿ" ಎಂದೆ.

ಬಹಳ ಹೊತ್ತಿನ ಮೇಲೆ ಎದ್ದು ಬಂದು ಚೆಂಡು ಹಾಕಿದರು. ನಾನು ಕಣ್ಣು ಮುಚ್ಚಿ ಬೀಸಿದೆ.

"ಏ, ಹಂಗಲ್ಲಲೇ! ಮೊದ್ಲು ತಡಿಯಾಕ ಕಲಿ. ಮುಂದಿನ ಕಾಲು ಚೆಂಡಿನ ಹತ್ರ ಇಡು. ತಲಿ ಚೆಂಡಿನ ಮ್ಯಾಲ ಇರ್ಲಿ. ಕೆಳಗಿನ ಕೈ ಸಡಲ ಬಿಡು. ನೀ ಅದರ ಮ್ಯಾಲ ಏರಿ ಹೋಗಬ್ಯಾಡ. ಅದಾ ನಿನ್ನ ಹತ್ರ ಬರ್ತೈತಿ, ಬರಗೊಡು."

"ಮತ್ತ ನೀವ್ಯಾಕ ಏರಿ ಹೋಗಿದ್ರಿ?" ಎಂದುಬಿಟ್ಟೆ.

ಅವರು ನನ್ನ ಕೈಯಿಂದ ಬ್ಯಾಟು ತೆಗೆದುಕೊಂಡು ಹೋಗಿ ನಿಂತರು. ಈ ಸಲ ಬ್ಯಾಟು ಮೇಲೆ ಎತ್ತಲಿಲ್ಲ, ಸ್ವಲ್ಪ ಬಾಗಿ ಕಾದರು. ನಾನು ಎಸೆದ ಚೆಂಡು ಮಂಜಿನೊಳಗೆ ತೇಲಿಕೊಂಡು ಹೋದಂತೆ ಕಂಡಿತು. ನೆಲಕ್ಕೆ ಪುಟಿದ ಸದ್ದು ಕೇಳಿಸಿತು. ಆಮೇಲೂ ಅವರು ಕಾದರು. ಚೆಂಡು ಗದ್ದದ ಕೆಳಗೆ ಬಂದಾಗ ಬ್ಯಾಟು ಮೆಲ್ಲಗೆ ಮುಂದೆ ಬಂತು. ಟುಪ್ ಎಂದಿತು. ಚೆಂಡು ಅವರ ಕಾಲ ಬಳಿಯೇ ಬಿದ್ದು ಸುಮ್ಮನಾಯಿತು.

ಹುಸೇನಮ್ಮ ಮೂಲೆ ಬಿಟ್ಟು ಹತ್ತಿರ ಬಂದು ನಿಂತಳು.

"ಎಷ್ಟು ರನ್ನು ಬಂದ್ವು?" ಎಂದು ಕೇಳಿದೆ. ನಿಜಕ್ಕೂ ಗೊತ್ತಿರಲಿಲ್ಲ.

"ಒಂದೂ ಇಲ್ಲ" ಎಂದರು. ನಗುತ್ತಿದ್ದರು. "ಆದ್ರ ನಾ ಔಟಾಗಿಲ್ಲ. ಇನ್ನೊಂದು ಹಾಕು."

ಭತ್ತ ಹರಡುವ ಹೊತ್ತಾಗಿ ಮೇಸ್ತ್ರಿ ಬೈಯುವವರೆಗೂ ಹಾಕಿದೆ. ಎಷ್ಟೋ ತಪ್ಪಿದವು, ಎಷ್ಟೋ ಸಿಕ್ಕವು. ನನ್ನ ಕಣ್ಣು ತುಂಬಿ, ಕೊನೆಗೆ ಚೆಂಡು ಎಲ್ಲಿ ಹಾಕುತ್ತಿದ್ದೇನೆಂದು ನನಗೇ ಕಾಣುತ್ತಿರಲಿಲ್ಲ.

ಮರುವರ್ಷದ ನಾಟಿಯ ಹೊತ್ತಿಗೆ ಅವರು ಮತ್ತೆ ಟ್ರ್ಯಾಕ್ಟರ್ ಏರಿದರು. ಆ ಆಟದ ಲೆಕ್ಕ ನನಗೆ ಈಗಲೂ ಬರುವುದಿಲ್ಲ. ಟಿವಿಯಲ್ಲಿ ಯಾರಾದರೂ ಹೊಡೆಯದೆ ಚೆಂಡನ್ನು ಬರೀ ತಡೆದು ನಿಲ್ಲಿಸಿದರೆ ಮನೆಮಂದಿಯೆಲ್ಲ ಗೊಣಗುತ್ತಾರೆ. ನಾನೊಬ್ಬಳೇ ಚಪ್ಪಾಳೆ ತಟ್ಟುತ್ತೇನೆ.