ಬ್ಯಾಗಿನೊಳಗೆ ಒಂದೂವರೆ ಪೌಂಡು ತೊಗರಿಬೇಳೆ

ನಗಬೇಡಿ, ಸುಮಾರು ಒಂದು ತಿಂಗಳು ನಾನು ಹ್ಯಾಂಡ್‌ಬ್ಯಾಗಿನಲ್ಲಿ ಒಂದೂವರೆ ಪೌಂಡು ತೊಗರಿಬೇಳೆ ಹೊತ್ತು ತಿರುಗಿದ್ದೇನೆ. ಹರಕೆಯಲ್ಲ, ವ್ರತವಲ್ಲ, ಯಾರಿಗೋ ತಲುಪಿಸಬೇಕಾದದ್ದೂ ಅಲ್ಲ. ಪಿಸ್ತೂಲಿನ ಬದಲಿಗೆ ಇಟ್ಟುಕೊಂಡದ್ದು. ಹೀಗಂದರೆ ಇವಳಿಗೆ ತಲೆ ಕೆಟ್ಟಿದೆ ಅನ್ನುತ್ತೀರಿ. ನನಗೂ ಆಗಾಗ ಹಾಗೇ ಅನಿಸುತ್ತಿತ್ತು. ಆದ್ದರಿಂದ ಮೊದಲಿನಿಂದ ಹೇಳಿಬಿಡುತ್ತೇನೆ.

ಆಗ ನಾವು ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಇಂಟರ್ನೆಟ್ಟು ಅಂತ ಒಂದು ಪದ ಉಚ್ಚರಿಸಿದರೆ ಸಾಕು, ಜನ ದುಡ್ಡು ತಂದು ಸುರಿಯುತ್ತಿದ್ದ ಕಾಲ. ನಮ್ಮವರು ಇಂಟರ್ನೆಟ್ಟಿನಲ್ಲಿ ಚಪ್ಪಲಿ ಮಾರುವ ಕಂಪನಿಯಲ್ಲಿದ್ದರು. ಕಾಲಿಗೆ ಹಾಕಿ ನೋಡದೆ ಚಪ್ಪಲಿ ಯಾರು ಕೊಳ್ಳುತ್ತಾರೆ ಎಂದು ಕೇಳಿದ್ದಕ್ಕೆ, ನಿನಗೆ ಬಿಸಿನೆಸ್ಸು ಅರ್ಥ ಆಗಲ್ಲ ಬಿಡು ಎಂದಿದ್ದರು. ನನ್ನ ಕೆಲಸ ಓಕ್ಲ್ಯಾಂಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಊರವರ ರಕ್ತ, ಕಫ, ಮೂತ್ರಗಳನ್ನು ಮೈಕ್ರೋಸ್ಕೋಪಿನ ಅಡಿ ಇಟ್ಟು ನೋಡುವುದು. ಕೇಳುವುದಕ್ಕೆ ಸೊಗಸಿಲ್ಲ, ನಿಜ. ಆದರೆ ಮದುವೆಯಾಗಿ ಬಂದು ಐದು ವರ್ಷ, ಕೆಲಸ ಮಾಡುವ ಹಾಗಿಲ್ಲದ ವೀಸಾದಲ್ಲಿ ಗೋಡೆ ನೋಡುತ್ತಾ ಕೂತಿದ್ದವಳಿಗೆ, ಗ್ರೀನ್ ಕಾರ್ಡು ಬಂದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಅದೆಂದರೆ ನನಗೆ ಜೀವ.

ಆಸ್ಪತ್ರೆಯಿಂದ ರೈಲು ಸ್ಟೇಷನ್ನಿಗೆ ಎರಡೂವರೆ ಬ್ಲಾಕು, ನಮ್ಮ ಲೆಕ್ಕದಲ್ಲಿ ಎರಡು ಮೂರು ಅಡ್ಡರಸ್ತೆಯ ದೂರ. ನವೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಮಬ್ಬು ಕವಿಯುತ್ತದೆ. ಒಂದು ಸಂಜೆ ಮೂಲೆಯಲ್ಲಿ ಒಬ್ಬ ಅಡ್ಡ ನಿಂತು, ಜಾಕೆಟ್ಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ, ಬ್ಯಾಗು ಕೊಡು ಎಂದ. ಕೊಟ್ಟೆ. ಅಷ್ಟಕ್ಕೇ ಬಿಡದೆ ಇನ್ನೊಂದು ಕೈಯಲ್ಲಿದ್ದ ಊಟದ ಡಬ್ಬಿಯನ್ನೂ ಕೊಟ್ಟೆ. ಅವನು ಅದನ್ನು ಕೇಳಿರಲಿಲ್ಲ. ಪಾಪ, ಏನು ಮಾಡಬೇಕೆಂದು ತೋಚದೆ ಅವನು ಡಬ್ಬಿಯನ್ನು ಪಕ್ಕದ ಮನೆಯ ಮೆಟ್ಟಿಲ ಮೇಲೆ ಜೋಪಾನವಾಗಿ ಇಟ್ಟು ಓಡಿದ. ನಾನು ಹಿಂದಿನಿಂದ ‘ಥ್ಯಾಂಕ್ಯೂ’ ಎಂದೆ. ಈ ಒಂದು ಮಾತನ್ನು ಪೊಲೀಸರ ಮುಂದೂ ಹೇಳಿಲ್ಲ, ನಿಮಗೇ ಮೊದಲು ಹೇಳುತ್ತಿರುವುದು.

ಮರುದಿನ ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುವ ಲೊರೇನ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹೇಗಿದ್ದೀಯಾ ಎಂದು ಎರಡು ಸಲ ಕೇಳಿದಳು. ‘ಐ ಆಮ್ ಫೈನ್’ ಎಂದೆ. ಆದರೆ ಅವತ್ತಿನಿಂದ ಗಡಿಯಾರ ನಾಲ್ಕೂವರೆ ತೋರಿಸಿತೆಂದರೆ ಕಿಟಕಿಯಾಚೆ ಕತ್ತಲಾಯಿತೇ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಐದಕ್ಕೆ ಕೋಟು ಹಾಕಿ, ಯಾರ ಮುಖವನ್ನೂ ನೋಡದೆ, ಆ ಎರಡೂವರೆ ಬ್ಲಾಕು ಓಡುತ್ತಿದ್ದೆ. ‘ಬಿಟ್ಟುಬಿಡೇ ಆ ಕೆಲಸ, ನನ್ನ ಸ್ಟಾಕು ಇದೆಯಲ್ಲ’ ಎಂದರು ಇವರು. ಮೆಟ್ಟಿ ನೋಡದ ಚಪ್ಪಲಿಯನ್ನು ನಂಬಿ ಕೆಲಸ ಬಿಡುವಷ್ಟು ಹುಚ್ಚು ನನಗಿರಲಿಲ್ಲ. ಬಿಡಲಾರೆ, ನಡೆಯಲೂ ಆರೆ. ಇದು ನನ್ನ ಪಾಡಾಗಿತ್ತು.

ಆಗಲೇ ಕುಲಕರ್ಣಿಯವರು ಉಪದೇಶಕ್ಕೆ ನಿಂತದ್ದು. ಅವರು ಹುಬ್ಬಳ್ಳಿಯವರು, ನಮ್ಮವರ ಹಳೇ ಆಫೀಸಿನ ಗೆಳೆಯರು. ಕಂಪನಿಯ ಷೇರು ಏರಿದ್ದೇ ಡ್ಯಾನ್‌ವಿಲ್‌ನಲ್ಲಿ ದೊಡ್ಡ ಮನೆ ಕೊಂಡು, ಅದರ ಜೊತೆಗೆ ಒಂದು ಪಿಸ್ತೂಲನ್ನೂ ಕೊಂಡಿದ್ದರು.

‘ವೈನಿ, ಈ ದೇಶದಾಗ ಇರಬೇಕಂದ್ರ ಈ ದೇಶದವರಂಗ ಇರಬೇಕ್ರಿ. ಒಂದ ಸಣ್ಣದ ತಗೊಂಡ ಬ್ಯಾಗಿನಾಗ ಇಟಗೋರಿ. ಆಮ್ಯಾಲೆ ಯಾವ ಮಗಾ ಬರತಾನ ನೋಡೂಣು!’

ಅವರದು ಎಲ್ಲಿದೆ ಎಂದು ವಿಚಾರಿಸಿದೆ. ಮನೆಯಲ್ಲಿ ಎರಡು ಸಣ್ಣ ಮಕ್ಕಳಲ್ಲವೇ, ಅದಕ್ಕೆ ಪಿಸ್ತೂಲು ಬೆಡ್‌ರೂಮಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಗುಂಡುಗಳು ಗರಾಜಿನಲ್ಲಿ, ಪೆಟ್ಟಿಗೆಯ ಕೀಲಿಕೈ ಆಫೀಸಿನ ಡ್ರಾಯರಿನಲ್ಲಿ. ಅಂದರೆ ಕಳ್ಳ ಬಂದರೆ ಅವನಿಗೆ ಕಾಫಿ ಕೊಟ್ಟು ಕೂರಿಸಿ, ಕುಲಕರ್ಣಿಯವರು ಫ್ರೀವೇ ಹಿಡಿದು ಆಫೀಸಿಗೆ ಹೋಗಿ ಬರಬೇಕು. ಹೀಗೆಂದು ನಕ್ಕೆ. ಆದರೂ ಅವರ ಮಾತು ತಲೆಯೊಳಗೆ ಕೂತಿತು. ಹೆದರಿದವರಿಗೆ ಯಾರು ಗಟ್ಟಿಯಾಗಿ ಮಾತಾಡಿದರೂ ಸರಿ ಅನಿಸುತ್ತದೆ.

ಒಂದು ಶನಿವಾರ ಇವರನ್ನು ಕರೆದುಕೊಂಡು ಬಂದೂಕಿನ ಅಂಗಡಿಗೆ ಹೋದೆ. ಒಳ್ಳೇ ಸೀರೆ ಅಂಗಡಿಯ ಹಾಗಿತ್ತು. ಗಾಜಿನ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು, ಮೆತ್ತನೆ ಬಟ್ಟೆಯ ಮೇಲೆ ಹರಡಿ, ಇದು ಹಗುರ, ಇದು ನಿಮ್ಮ ಕೈಗೆ ಕೂರುತ್ತದೆ, ಇದಕ್ಕೆ ಮುತ್ತಿನ ಬಣ್ಣದ ಹಿಡಿ ಇದೆ ಎಂದು ತೋರಿಸಿದರು. ರಿವಾಲ್ವರಾದರೆ ಐದೇ ಗುಂಡು, ಆದರೆ ಕೈಕೊಡುವುದಿಲ್ಲ. ಪಿಸ್ತೂಲಾದರೆ ಗುಂಡು ಹೆಚ್ಚು, ಆದರೆ ಅಭ್ಯಾಸ ಬೇಕು. ಸೀರೆ ಅಂಗಡಿಯಲ್ಲಿ ನಾನು ನಲವತ್ತು ಸೀರೆ ಬಿಚ್ಚಿಸಿ, ಬಾರ್ಡರು ಸರಿಯಿಲ್ಲ ಎಂದು ಎದ್ದು ಬರುವ ಹೆಂಗಸು. ಇಲ್ಲಿ ಒಂದನ್ನೂ ಬೇಡ ಅನ್ನಲು ಬಾಯಿ ಬರಲಿಲ್ಲ. ಯಾವುದನ್ನು ಕೈಗೆ ಕೊಟ್ಟರೂ ಅದರ ತಣ್ಣಗಿನ ಭಾರಕ್ಕೆ ಮೈ ಜುಮ್ಮೆನ್ನುತ್ತಿತ್ತು. ಅದು ಧೈರ್ಯವೋ ಭಯವೋ ಗೊತ್ತಾಗಲಿಲ್ಲ.

ಹಾಗೆಂದು ಬಂದೂಕು ನನಗೆ ಪೂರಾ ಹೊಸತೇನಲ್ಲ. ಕಾಲೇಜಿನಲ್ಲಿ ನನ್ನ ಗೆಳತಿಯೊಬ್ಬಳು ಕೊಡಗಿನವಳು. ಅವರ ಮನೆಯ ಗೋಡೆಯಲ್ಲಿ ಕೋವಿ, ನಮ್ಮ ಮನೆಯಲ್ಲಿ ಕ್ಯಾಲೆಂಡರು ಇದ್ದಷ್ಟೇ ಸಹಜವಾಗಿ ಇರುತ್ತಿತ್ತು. ಗಂಡು ಮಗು ಹುಟ್ಟಿದರೆ ಗಾಳಿಗೊಂದು ಗುಂಡು. ಕೈಲ್‌ಮುಹೂರ್ತದ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ. ನಮ್ಮೂರ ಕಡೆಯ ದೇವಿಯಂತೂ ಎಂಟು ಕೈಯಲ್ಲಿ ಎಂಟು ಆಯುಧ ಹಿಡಿದು, ಬಂದವರಿಗೆಲ್ಲ ಕಾಣುವ ಹಾಗೆ ನಿಂತಿದ್ದಾಳೆ. ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಓಡಾಡುವ ದೇವಿ ಒಬ್ಬಳೂ ನೆನಪಿಗೆ ಬರಲಿಲ್ಲ. ತೋರಿಸಿದರೆ ಕಳ್ಳ ಬರುವುದಿಲ್ಲ, ಬಚ್ಚಿಟ್ಟರೆ ಅವನಿಗೆ ಗೊತ್ತಾಗುವುದಿಲ್ಲ. ಹಾಗಿರುವಾಗ ಬಚ್ಚಿಡುವುದು ಯಾರನ್ನು ಹೆದರಿಸಲಿಕ್ಕೆ? ಅಂಗಡಿಯವರನ್ನು ಕೇಳೋಣವೆಂದರೆ ಇಂಗ್ಲಿಷಿನಲ್ಲಿ ಇದು ಬಹಳ ಪೆದ್ದಾಗಿ ಕೇಳಿಸುತ್ತದೆಂದು ಸುಮ್ಮನಾದೆ.

ಕಾನೂನು ಇನ್ನೂ ಗೊಂದಲ. ಕೊಳ್ಳಬಹುದು, ಮನೆಯಲ್ಲಿಡಬಹುದು. ಬ್ಯಾಗಿನೊಳಗೆ ಬಚ್ಚಿಟ್ಟು ಬೀದಿಗೆ ಒಯ್ಯಬೇಕಾದರೆ ಪೊಲೀಸ್ ಮುಖ್ಯಸ್ಥರ ಪ್ರತ್ಯೇಕ ಪರವಾನಗಿ ಬೇಕು. ಅದಕ್ಕೆ ‘ತಕ್ಕ ಕಾರಣ’ ತೋರಿಸಬೇಕು. ಅರ್ಜಿ ಹಿಡಿದು ಅಡುಗೆಮನೆಯ ಮೇಜಿನ ಮುಂದೆ ಕೂತೆ. ನನ್ನ ಜೀವದ ಮೇಲೆ ಯಾರಿಗೆ ಕಣ್ಣು? ಮೇಲಿನ ಮನೆಯವರು ನನ್ನ ಒಗ್ಗರಣೆಯ ಘಾಟಿಗೆ ಕಿಟಕಿ ಧಡಾರನೆ ಮುಚ್ಚುತ್ತಾರೆ, ಅಷ್ಟೇ. ನಾದಿನಿಗೆ ನನ್ನ ಕಂಡರಾಗದು, ಆದರೆ ಅವಳಿರುವುದು ಮಣಿಪಾಲದಲ್ಲಿ. ಎಷ್ಟು ತಡಕಾಡಿದರೂ ನನ್ನನ್ನು ಕೊಲ್ಲುವಷ್ಟು ದೊಡ್ಡ ವ್ಯಕ್ತಿಯೆಂದು ತಿಳಿದವರು ಈ ಭೂಮಿಯ ಮೇಲೆ ಒಬ್ಬರೂ ಸಿಗಲಿಲ್ಲ. ಸ್ವಲ್ಪ ಬೇಜಾರೂ ಆಯಿತು ಅನ್ನಿ.

ಆದರೂ ತರಬೇತಿ ಕ್ಲಾಸಿಗೆ ಸೇರಿದೆ. ಕಲಿಸುತ್ತಿದ್ದವರು ರಿಟೈರಾದ ಪೊಲೀಸರು, ನಮ್ಮ ಹೈಸ್ಕೂಲಿನ ಲೆಕ್ಕದ ಮೇಷ್ಟ್ರ ಹಾಗೆ ಮೆಲುದನಿಯ ಮನುಷ್ಯ. ನನ್ನ ಕಥೆ ಕೇಳಿ ಅವರು ಕೊಳ್ಳು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಒಂದು ಪಾಠ ಹೇಳಿದರು. ‘ಮೊದಲು ಅಷ್ಟೇ ಭಾರದ ಬೇರೇನನ್ನಾದರೂ ಒಂದು ತಿಂಗಳು ಬ್ಯಾಗಿನಲ್ಲಿ ಹೊತ್ತು ನೋಡಮ್ಮ. ಬ್ಯಾಗು ನಿನ್ನ ಮೈಬಿಟ್ಟು ಒಂದು ಗಳಿಗೆಯೂ ಇರಬಾರದು. ಬಿಟ್ಟೆಯೋ, ಆಗ ಇದರೊಳಗೆ ನಿಜವಾದದ್ದೇ ಇದ್ದಿದ್ದರೆ ಅಂತ ನಿನ್ನನ್ನೇ ಕೇಳಿಕೋ.’ ಮನೆಗೆ ಬಂದು ತಕ್ಕಡಿಯಲ್ಲಿ ತೂಗಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ತೊಗರಿಬೇಳೆ ತುಂಬಿದೆ. ಬ್ಯಾಗಿನ ತೀರಾ ಒಳಗಿನ ಖಾನೆಯಲ್ಲಿಟ್ಟೆ.

ಮೊದಲ ದಿನ ಇವರೇ ಕಳ್ಳನಾಗಿ ಹಾಲ್‌ನಲ್ಲಿ ಅಡ್ಡ ನಿಂತರು. ನಾನು ಬ್ಯಾಗಿಗೆ ಕೈ ಹಾಕಿದೆ. ಕೀಲಿಗೊಂಚಲು ಬಂತು. ಬಾಚಣಿಗೆ ಬಂತು. ನೋವಿನ ಮುಲಾಮು, ಪಿನ್ನುಗಳ ಸರ, ಗ್ರೋಸರಿ ಕೂಪನ್ನು, ದೇವಸ್ಥಾನದ ಕುಂಕುಮದ ಪೊಟ್ಟಣ, ಹೋದಲ್ಲಿ ಸಿಗುವ ಮಕ್ಕಳಿಗೆಂದು ಇಟ್ಟ ಚಾಕೊಲೇಟು ಎಲ್ಲ ಬಂದವು. ಬೇಳೆ ಮಾತ್ರ ಬರಲಿಲ್ಲ. ಕಳ್ಳ ಆಕಳಿಸಿ, ‘ಸಿಕ್ಕಿದ ಮೇಲೆ ಕರಿ, ಟೀವಿ ನೋಡ್ತಿರ್ತೀನಿ’ ಎಂದು ಸೋಫಾದಲ್ಲಿ ಕೂತ.

ಆಮೇಲಾಮೇಲೆ ನನ್ನ ಬಂಡವಾಳವೆಲ್ಲ ಹೊರಬಿತ್ತು. ಅಂಗಡಿಯಲ್ಲಿ ಬ್ಯಾಗನ್ನು ತಳ್ಳುಗಾಡಿಯಲ್ಲೇ ಬಿಟ್ಟು ಕೊತ್ತಂಬರಿ ಆರಿಸಲು ಹೋಗುತ್ತೇನೆ. ದೇವಸ್ಥಾನದಲ್ಲಿ ಗುರುತಿಲ್ಲದ ಹೆಂಗಸಿಗೆ ‘ಸ್ವಲ್ಪ ನೋಡ್ಕೊಳ್ರೀ’ ಎಂದು ಒಪ್ಪಿಸಿ ಪ್ರದಕ್ಷಿಣೆ ಹಾಕುತ್ತೇನೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತೇನೆ. ಪ್ರತಿ ಸಲವೂ ಮೇಷ್ಟ್ರ ಪ್ರಶ್ನೆ ನೆನಪಾಗಿ ಎದೆ ಧಸಕ್ಕೆನ್ನುತ್ತಿತ್ತು. ಕಲಿತುಕೊಳ್ಳುತ್ತೇನೆ ಬಿಡು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮೂರನೇ ವಾರದ ಹೊತ್ತಿಗೆ ಎಷ್ಟೋ ಸುಧಾರಿಸಿದ್ದೆ ಕೂಡ. ಪರವಾನಗಿಯ ಅರ್ಜಿಗೆ ಸಹಿ ಹಾಕಿ ಮಡಿಸಿಟ್ಟೆ.

ಆ ಭಾನುವಾರ ಕುಲಕರ್ಣಿಯವರ ಮನೆಯಲ್ಲಿ ಊಟ. ನಮ್ಮ ಜನ ಸೇರಿದ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತು. ಬಂದ ಹೆಂಗಸರ ಕೋಟು, ಶಾಲು, ಬ್ಯಾಗುಗಳೆಲ್ಲ ಮಹಡಿಯ ಬೆಡ್‌ರೂಮಿನ ಮಂಚದ ಮೇಲೆ ರಾಶಿ. ಆ ರಾಶಿಯ ನಡುವೆ ಒಂದೆರಡು ಹಸುಗೂಸು ಮಲಗಿರುತ್ತವೆ. ಕುಲಕರ್ಣಿಯವರ ಹೆಂಡತಿ ವಿದ್ಯಾ ಬಾಗಿಲಲ್ಲೇ ನನ್ನ ಹೆಗಲಿಂದ ಬ್ಯಾಗು ತೆಗೆದು ಒಯ್ದಳು. ಬೇಡ ಅನ್ನುವುದು ಹೇಗೆ? ಬೇಳೆ ತಾನೇ ಎಂದುಕೊಂಡೆ.

ಜೋಳದ ರೊಟ್ಟಿ, ಎಣಗಾಯಿ. ಕುಲಕರ್ಣಿಯವರು ಎಲ್ಲರಿಗೂ ಪಿಸ್ತೂಲು ಪುರಾಣ ಹೇಳುತ್ತಿದ್ದರು. ‘ನಾವು ಹುಷಾರ್ ಇದ್ರ ಏನೂ ಆಗಂಗಿಲ್ರೀ.’ ನಡುವೆ ಅವರ ನಾಲ್ಕು ವರ್ಷದ ಮಗಳು ಅನು ನನ್ನ ತೋಳು ಜಗ್ಗಿ ‘ಆಂಟಿ, ಚಾಕ್ಲೇಟ್?’ ಎಂದಳು. ನಾನು ಅವಳ ಕಡೆ ತಿರುಗಲೂ ಇಲ್ಲ. ರೊಟ್ಟಿ ಮುರಿಯುತ್ತಲೇ, ‘ಮೇಲೆ ಬ್ಯಾಗಲ್ಲಿದೆ ಪುಟ್ಟೀ, ತಗೋ ಹೋಗು’ ಎಂದೆ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಸರಸರ ಸದ್ದು. ಅನು ಇಳಿದು ಬರುತ್ತಿದ್ದಾಳೆ. ಕೈಯಲ್ಲಿ ತೆರೆದ ಪ್ಲಾಸ್ಟಿಕ್ ಚೀಲ ತಲೆಕೆಳಗು. ಒಂದೊಂದು ಮೆಟ್ಟಿಲಿಗೂ ಬೇಳೆ ಉದುರುತ್ತಿದೆ. ‘ಆಂಟಿ, ದಿಸ್ ಈಸ್ ನಾಟ್ ಚಾಕ್ಲೇಟ್!’ ಎಂದಳು ಸಿಟ್ಟಿನಿಂದ. ಮೂರು ಜಿಪ್ಪು ಎಳೆದು, ತೀರಾ ಒಳಗಿನ ಖಾನೆಗೇ ಕೈ ಹಾಕಿದ್ದಳು ಪೋರಿ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ‘ಯಾರ್ರೀ ಬ್ಯಾಗಿನಾಗ ಬ್ಯಾಳಿ ಇಟಗೊಂಡ ಅಡ್ಡಾಡೋರು?’ ಎಂದು ಕುಲಕರ್ಣಿಯವರು ಎಲ್ಲರಿಗಿಂತ ಜೋರಾಗಿ ನಕ್ಕರು. ವಿದ್ಯಾ ಮಗಳನ್ನು ಗದರಲು ಎದ್ದಳು. ಗದರಬೇಡ ಎಂದೆ. ನಾನೂ ತಟ್ಟೆ ಸರಿಸಿ ಎದ್ದೆ.

‘ಅದು ಬೇಳೆ ಅಲ್ಲ ಕುಲಕರ್ಣಿಯವರೇ, ಪಿಸ್ತೂಲಿನ ಲೆಕ್ಕ ಅದು. ಮುಂದಿನ ತಿಂಗಳಿಂದ ಅಲ್ಲಿ ಅದೇ ಇರಬೇಕಿತ್ತು. ಮಗೂನ ನಾನೇ ಕಳಿಸಿದೆ.’

ಮಾತಿನ ಮಲ್ಲ ಕುಲಕರ್ಣಿಯವರು ಮಗಳನ್ನು ಎತ್ತಿಕೊಂಡು, ಅವಳ ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗರಾಜಿಗೆ ಹೋದವರು ನಾವು ಹೊರಡುವವರೆಗೂ ಬರಲಿಲ್ಲ. ಅವರು ಪಿಸ್ತೂಲನ್ನು ಇಟ್ಟುಕೊಂಡರೋ ಹಿಂದಿರುಗಿಸಿದರೋ ಗೊತ್ತಿಲ್ಲ.

ದಾರಿಯಲ್ಲಿ ಇವರು ‘ಈಗೇನು ಮಾಡ್ತೀಯ?’ ಎಂದರು. ಗೊತ್ತಿಲ್ಲ ಎಂದೆ. ಬ್ಯಾಗನ್ನು ಮೈಯಿಂದ ಬಿಡದೆ, ಯಾವ ಮಗುವನ್ನೂ ಹತ್ತಿರ ಸೇರಿಸದೆ ಎಚ್ಚರವಾಗಿ ಬದುಕುವ ಹೆಂಗಸರು ಇರಬಹುದು. ಅವರನ್ನು ತಪ್ಪು ಅನ್ನಲು ನಾನು ಯಾರು? ನನ್ನ ನಾಲಗೆ ಮಾತ್ರ ನನ್ನನ್ನು ಕೇಳದೇ ‘ತಗೋ ಹೋಗು’ ಅನ್ನುತ್ತದೆ. ಅರ್ಜಿಯನ್ನು ಹರಿದೆ. ಆದರೆ ಅದರ ಜೊತೆ ಹೆದರಿಕೆಯೇನೂ ಹರಿದು ಹೋಗಲಿಲ್ಲ. ಸೋಮವಾರ ನಾಲ್ಕೂವರೆಗೆ ಎಂದಿನಂತೆ ಕಿಟಕಿಯ ಕಡೆಗೇ ಕಣ್ಣು.

ಅವತ್ತು ನನಗೆ ಓಡಲು ಶಕ್ತಿ ಇರಲಿಲ್ಲ. ಲೊರೇನಳ ಮುಂದೆ ಹೋಗಿ ನಿಂತು, ‘ನನಗೆ ತುಂಬಾ ಭಯ ಆಗುತ್ತೆ. ಸ್ಟೇಷನ್ನಿನವರೆಗೆ ನನ್ನ ಜೊತೆ ಬರ್ತೀಯಾ?’ ಎಂದೆ. ಹೇಳಿದ್ದೇ ಕಣ್ಣಲ್ಲಿ ನೀರು.

ಅವಳು ನನ್ನನ್ನೇ ನೋಡಿ, ‘ಅಯ್ಯೋ, ದಿನಾ ನನ್ನ ಮುಂದೆಯೇ ಓಡಿ ಹೋಗ್ತೀಯಲ್ಲ, ಒಬ್ಬಳೇ ನಡೆಯೋದು ನಿನಗಿಷ್ಟ ಅಂದ್ಕೊಂಡಿದ್ದೆ’ ಎಂದಳು.

ಲೊರೇನಳಿಗೆ ಐವತ್ತೆಂಟು. ಆಳು ಎತ್ತರ, ಗಟ್ಟಿ ದನಿ. ಅವಳು ಪಕ್ಕದಲ್ಲಿದ್ದರೆ ಯಾವ ಕಳ್ಳನೂ ಸುಳಿಯಲಾರ ಎಂದು ನನಗೆ ಧೈರ್ಯ. ಆದರೆ ಅವಳಿಗೆ ಮಂಡಿನೋವು, ಎರಡೂವರೆ ಬ್ಲಾಕಿಗೆ ಕಾಲು ಗಂಟೆ. ನನ್ನ ರೈಲು ದಿನವೂ ತಪ್ಪುತ್ತದೆ. ಮೊದಲ ದಿನ ಆ ಮೂಲೆ ಬಂದಾಗ ನಾನು ಉಸಿರು ಬಿಗಿಹಿಡಿದೆ. ಆಗ ನನ್ನ ಮೊಣಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೋಡಿದರೆ ಲೊರೇನ್. ‘ಈ ಮೂಲೆ ಅಂದ್ರೆ ನನಗೂ ಭಯ’ ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ‘ಹನ್ನೊಂದು ವರ್ಷದಿಂದ’ ಎಂದಳು.

ಈಗ ನಮ್ಮಿಬ್ಬರಲ್ಲಿ ಯಾರು ಯಾರನ್ನು ಕಾಯುತ್ತಿದ್ದಾರೆ ಎನ್ನುವುದೇ ನನಗೆ ಗೊಂದಲ. ದಿನವೂ ಸ್ಟೇಷನ್ನಿಗಂತೂ ತಲುಪುತ್ತೇವೆ.