ಗಿಣಿಯಂಚು ಹೊಸ ಕ್ಯಾಲ್ಕುಲೇಟರಿಗೆ ದಾಟಿದ್ದು

ಅಜ್ಜಿಯ ಸೀರೆಯ ಅಂಚಿನಲ್ಲಿ ಗಿಣಿಗಳಿದ್ದವು. ಇಷ್ಟರ ಮಟ್ಟಿಗೆ ನಾನೂ ಚಿಕ್ಕಮ್ಮನೂ ಒಪ್ಪುತ್ತೇವೆ. ಅವು ಯಾವ ಕಡೆ ನೋಡುತ್ತಿದ್ದವು ಎಂಬಲ್ಲಿಂದ ಜಗಳ ಶುರು.

ಆ ಸೀರೆ ಈಗಿಲ್ಲ. ಹಳೆ ಜರಿ ಸೀರೆ ಕೇಳಿಕೊಂಡು ಬೀದಿಗೆ ಬರುವವನಿಗೆ ಅದನ್ನು ಕೊಟ್ಟು ಮನೆಯವರು ಒಂದು ಪಾತ್ರೆ ತೆಗೆದುಕೊಂಡರು. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರಂತೆ. ಪಾತ್ರೆ ಹಿತ್ತಾಳೆಯದು ಎಂದು ನನ್ನ ನೆನಪು. ಚಿಕ್ಕಮ್ಮ ಸ್ಟೀಲು ಅನ್ನುತ್ತಾಳೆ, ಅಡುಗೆಮನೆಯಿಂದ ತಂದು ತೋರಿಸುತ್ತಾಳೆ ಕೂಡ. ಅದು ಆ ಪಾತ್ರೆಯೇ ಎನ್ನುವುದಕ್ಕೆ ಅವಳ ಮಾತನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಕೊಳ್ಳೇಗಾಲದ ರೇಷ್ಮೆ ಮಗ್ಗದವರಿಗೆ ಅಂಚು, ಬುಟ್ಟಾಗಳನ್ನು ಗ್ರಾಫ್ ಕಾಗದದಲ್ಲಿ ಬರೆದುಕೊಡುವುದು ಅವಳ ಕೆಲಸ. ಚೌಕ ತುಂಬಿದ್ದಲ್ಲಿ ಜರಿ, ಖಾಲಿ ಇದ್ದಲ್ಲಿ ಬರೀ ರೇಷ್ಮೆ. ಅಜ್ಜಿಯ ಸೀರೆ ಹೋಗುವ ಮುಂಚೆ ಅದರ ಅಂಚನ್ನೂ ಇಳಿಸಿಕೊಂಡಿದ್ದಳು. ಆದರೆ ಕಾಗದಕ್ಕಲ್ಲ, ನನ್ನ ಗ್ರಾಫ್ ಕ್ಯಾಲ್ಕುಲೇಟರಿಗೆ. ಎಂಎಸ್ಸಿ ಓದುವಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಓದು ಮುಗಿದ ಮೇಲೆ ಅವಳ ಮನೆಯಲ್ಲಿ ಬಿಟ್ಟಿದ್ದೆ. ಸಮೀಕರಣ ಕೊಟ್ಟರೆ ಅದರ ರೇಖೆ ಬರೆದು ತೋರಿಸುವ ಯಂತ್ರ. ಅವಳಿಗೆ ಸಮೀಕರಣ ಕಾಣಲಿಲ್ಲ, ಪರದೆಯ ಚುಕ್ಕಿಗಳು ಕಂಡವು.

"ರಬ್ಬರ್ ಆಕುದ್ರೆ ಕಾಗ್ದವೇ ಕಿತ್ಕಂಡ್ ಬತ್ತದೆ. ಇದ್ರಲ್ಲಿ ಅಳ್ಸುದ್ರೆ ಗುರ್ತೇ ಇರಲ್ಲ ಕಣ್ಲಾ," ಎಂದಿದ್ದಳು.

ಈ ವರ್ಷ ಅವಳು ಮೊದಲ ಸಲ ತನಗೆಂದು ಒಂದು ಸೀರೆ ನೇಯಿಸಲು ಹೊರಟಳು. ಊರವರಿಗೆಲ್ಲ ಅಂಚು ಬರೆದುಕೊಟ್ಟವಳು, ತಾನು ಉಡುವುದಾದರೆ ತನ್ನವ್ವನ ಅಂಚೇ ಆಗಬೇಕು ಅಂದಳು. ಕ್ಯಾಲ್ಕುಲೇಟರ್ ತೆಗೆದು ನೋಡಿದರೆ ಪರದೆಯಲ್ಲಿ ಅಲ್ಲಲ್ಲಿ ಗೆರೆಗೆರೆಯಾಗಿ ಚುಕ್ಕಿಗಳು ಸತ್ತಿದ್ದವು, ಅದೂ ಕೊಕ್ಕು ಬಾಲಗಳಿದ್ದ ಕಡೆಯೇ. ಗಿಣಿಯ ತಲೆ ಯಾವ ಕಡೆಗಿದೆ ಎಂದೇ ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಫೋಟೋ ಹಿಡಿದರೆ ಸತ್ತ ಗೆರೆಗಳ ಫೋಟೋ ಬಂತು. ಅಷ್ಟರಲ್ಲಿ ನೇಯುವವನ ಫೋನು: "ಆಸಿನ್ ನೂಲೆಲ್ಲ ಏರ್ಸಿವ್ನಿ ಕಣಕ್ಕ, ಮಗ್ಗ ಬರೀ ಕೂತದೆ. ನಿಮ್ಮ ಗ್ರಾಫ್ ಬರ್ನಿಲ್ಲ ಅಂದ್ರೆ ಬ್ಯಾರೆಯವ್ರ ಅಂಚು ಆಕ್ಬುಡ್ತೀನಿ."

ನಾನು ಯಳಂದೂರಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪರದೆ ಸತ್ತರೂ ಒಳಗಿನ ಚಿತ್ರ ಕೆಟ್ಟಿರಲಿಕ್ಕಿಲ್ಲ ಅನ್ನಿಸಿತು. ಹನೂರಿನ ಗೆಳೆಯನೊಬ್ಬನ ಹತ್ತಿರ ಅದೇ ಜಾತಿಯ ಹೊಸ ಕ್ಯಾಲ್ಕುಲೇಟರ್ ಇತ್ತು, ಬಣ್ಣದ ಪರದೆಯದು. ಕಡ ತಂದೆ. ಎರಡಕ್ಕೂ ಆಗುವ ಕೇಬಲ್ಲನ್ನೂ ಅವನೇ ಕೊಟ್ಟ.

ಭಾನುವಾರ ಮಧ್ಯಾಹ್ನ ಚಿಕ್ಕಮ್ಮನ ಪಡಸಾಲೆಯಲ್ಲಿ ಎರಡನ್ನೂ ಚಾಪೆಯ ಮೇಲೆ ಜೋಡಿಸಿದೆವು. ಹಳೆಯದರಲ್ಲಿ ಕಳಿಸು ಎಂದು ಒತ್ತಿದೆ. ಎರರ್. ಮತ್ತೆ ಒತ್ತಿದೆ. ಎರರ್. ಹೊಸದರಲ್ಲಿ ಮೊದಲು ಪಡೆಯುವ ಗುಂಡಿ ಒತ್ತಿ ಕಾಯಿಸಬೇಕು ಎಂಬುದು ಆಮೇಲೆ ನೆನಪಾಯಿತು.

"ಇನ್ನೇನ್ ಮತ್ತೆ," ಅಂದಳು ಚಿಕ್ಕಮ್ಮ. "ಸೆರಗು ಒಡ್ದೆ ಮಡ್ಲಕ್ಕಿ ಉಯ್ದಂಗಾಯ್ತು ನಿಂದು."

ಸೆರಗು ಒಡ್ಡಿಸಿದೆ. ಆದರೂ ಬರಲಿಲ್ಲ. ಹಳೆಯ ಕಪ್ಪುಬಿಳುಪು ಚಿತ್ರ ಹೊಸ ಬಣ್ಣದ ಯಂತ್ರಕ್ಕೆ ಬೇಡ. ಸಂಖ್ಯೆ ಕೊಟ್ಟರೆ ತೆಗೆದುಕೊಳ್ಳುತ್ತದೆ, ಚಿತ್ರ ಕೊಟ್ಟರೆ ಇಲ್ಲ. ಚಿಕ್ಕಮ್ಮ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಸಂಖ್ಯೆಯನ್ನೇ ಕೊಡೋಣ ಎಂದು ಹಳೆಯದರಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದು ಒಂದೊಂದೇ ಚುಕ್ಕಿಯನ್ನು ಮುಟ್ಟಿ ನೋಡಬೇಕು, ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ, ಸಾಲುಸಾಲಾಗಿ. ಪೂರ್ತಿ ಪರದೆಯ ಚುಕ್ಕಿಗಳಿಗೆ ಯಂತ್ರದ ನೆನಪಿನಲ್ಲಿ ಜಾಗ ಸಾಲದು. ಆದರೆ ಅಂಚೆಂದರೆ ಒಂದೇ ಗಿಣಿ ಮತ್ತೆ ಮತ್ತೆ ಬರುವುದು ತಾನೆ? ಒಂದು ಗಿಣಿ ದಾಟಿದರೆ ಸಾಕು. ಮುದಿ ಯಂತ್ರ ನಿಧಾನಕ್ಕೆ ಎಣಿಸುತ್ತಾ ಕೂತಿತು. ಅದು ಮುಗಿಸುವುದರೊಳಗೆ ನಾವು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಆ ಸೀರೆಯನ್ನು ಪಾತ್ರೆಗೆ ಕೊಡಲು ಒಪ್ಪಿದ ಸೋದರಮಾವನನ್ನು ಸಾಕಷ್ಟು ಬೈದಿದ್ದೆವು.

ಈ ಸಲ ದಾಟಿತು. ಹೊಸದರಲ್ಲಿ ಸೊನ್ನೆ ಒಂದುಗಳನ್ನು ಮತ್ತೆ ಚುಕ್ಕಿ ಮಾಡಿಸಿದೆ. ಗಿಣಿ ಬಂತು, ಕೊಕ್ಕು ಬಾಲ ಸಮೇತ. ಆದರೆ ಮಲಗಿಕೊಂಡು ಬಂತು. ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿಬಿಟ್ಟಿದ್ದೇನೆ ಎಂದುಕೊಂಡು ತಿದ್ದಿದೆ. ಈಗ ಗಿಣಿ ಎದ್ದು ನಿಂತಿತು. ನನ್ನ ನೆನಪಿನಲ್ಲಿದ್ದದ್ದು ಇದೇ ಎಂದು ಹೆಮ್ಮೆಯಿಂದ ಅವಳ ಕೈಗೆ ಕೊಟ್ಟೆ.

ಅವಳು ತುಂಬ ಹೊತ್ತು ನೋಡಿದಳು. ಕ್ಯಾಲ್ಕುಲೇಟರನ್ನು ಅಡ್ಡಡ್ಡ ತಿರುಗಿಸಿ ಮತ್ತೆ ನೋಡಿದಳು.

"ಇದು ನಮ್ಮವ್ವುಂದಲ್ಲ."

"ಅದೇ ಕಣ್ ಚಿಕ್ಕಮ್ಮ, ನೀನೇ ಬರೆದಿದ್ದು."

"ನಾ ಬರ್ದಿದ್ದು ಮುಂದಕ್ ನೋಡ್ತಿತ್ತು. ಇದು ತಿರುಕ್ಕಂಡ್ ನೋಡ್ತದೆ." ಧ್ವನಿ ಇಳಿಯಿತು. "ಓಗ್ಲಿ ಬುಡು ಮಗ. ಅವ್ನು ಯಾವ್ ಅಂಚಾರ ಆಕ್ಕಳ್ಳಿ."

ಅಷ್ಟು ಸುಲಭವಾಗಿ ಬಿಡುವವಳಲ್ಲ ಅವಳು. ಅದಕ್ಕೇ ಗಾಬರಿಯಾಗಿ, ನಾನು ಏನೇನು ಮಾಡಿದೆ ಎಂದು ಒಂದೊಂದಾಗಿ ಹೇಳಿದೆ. ಮಲಗಿತ್ತು, ಎಬ್ಬಿಸಿದೆ ಎಂದಲ್ಲಿಗೆ ಬಂದಾಗ ಹಣೆ ಚಚ್ಚಿಕೊಂಡಳು.

"ಲೇ ಮೇಷ್ಟ್ರೇ, ಮಗ್ಗದಲ್ಲಿ ಅಂಚು ಎಂಗ್ ಓಯ್ತದಲಾ? ಉದ್ದುಕ್ಕಲ್ವಾ? ನೇಯೋನ್ ಮುಂದೆ ಗಿಣಿ ಮಲಿಕ್ಕಂಡೇ ಇರ್ತದೆ. ಸೀರೆ ಉಟ್ಟಾಗ ಎದ್ ನಿಂತ್ಕತ್ತದೆ. ನಿಂಗ್ಯಾರು ಎಬ್ಸು ಅಂದೋರು?"

ಅವಳು ಬರೆದದ್ದೇ ಮಗ್ಗದ ಲೆಕ್ಕಕ್ಕೆ. ನಾನು ಅಡ್ಡಸಾಲು ಕಂಬಸಾಲು ಬದಲಿಸಿ ಗಿಣಿಯನ್ನು ಎಬ್ಬಿಸಿದೆ ಅಂದುಕೊಂಡೆ. ಹಾಗೆ ಮಾಡಿದರೆ ಚಿತ್ರ ಬರೀ ತಿರುಗುವುದಿಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಮಗುಚುತ್ತದೆ. ಪ್ರತಿ ವರ್ಷ ಪಾಠ ಮಾಡುತ್ತೇನೆ ಇದನ್ನು. ತಿದ್ದಿದ್ದನ್ನು ಅಳಿಸಿದೆ. ಗಿಣಿ ಮತ್ತೆ ಮಲಗಿತು. ಅವಳು ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದು, ಕನ್ನಡಕ ಹಣೆಗೇರಿಸಿ, ಹತ್ತಿರ ತಂದು ನೋಡಿದಳು. ಗ್ರಾಫ್ ಕಾಗದ ಎಳೆದುಕೊಂಡು ಪೆನ್ಸಿಲ್ ಚೂಪು ಮಾಡತೊಡಗಿದಳು.

ತಿರುಗಿ ನೋಡುವ ಗಿಣಿಯೇ ನನಗೆ ಯಾಕೆ ಸರಿಯೆನಿಸಿತು? ಅಜ್ಜಿಯ ಸೆರಗಿನೊಳಗೆ ತಲೆ ಹಾಕಿ ಮಲಗುತ್ತಿದ್ದವನು ನಾನು. ಅಂಚನ್ನು ಒಳಗಿನಿಂದ ಕಂಡಿರಬೇಕು, ಬಟ್ಟೆಯ ಹಿಂಬದಿಯಿಂದ. ಅಲ್ಲಿ ಗಿಣಿಗಳು ಮಗುಚಿಯೇ ಇರುತ್ತವೆ. ಈ ವಿವರಣೆ ಅಳತೆಗೆ ಹೊಲಿದ ಅಂಗಿಯಂತೆ ಕೂರುತ್ತದೆ, ಅದಕ್ಕೇ ನನಗೆ ನಂಬಿಕೆಯಿಲ್ಲ. ಹಾಗೆ ಮಲಗುತ್ತಿದ್ದವಳು ನನ್ನ ತಂಗಿ ಎಂದು ಚಿಕ್ಕಮ್ಮ ಹೇಳುತ್ತಾಳೆ.

ಗ್ರಾಫ್ ಹೋಯಿತು, ಮಗ್ಗ ನಡೆಯಿತು. ಸೀರೆ ಬಂದ ದಿನ ಉಟ್ಟು ಬಂದು ನನ್ನೆದುರು ನಿಂತಳು. ಗಿಣಿಗಳೂ ಎದ್ದು ನಿಂತಿದ್ದವು, ಅವಳು ಹೇಳಿದ ಕಡೆಗೇ ನೋಡುತ್ತಿದ್ದವು.

ಹನೂರಿಗೆ ವಾಪಸ್ ಕೊಡುವ ಮುಂಚೆ ಹೊಸ ಕ್ಯಾಲ್ಕುಲೇಟರಿನಿಂದ ನಮ್ಮದನ್ನೆಲ್ಲ ಅಳಿಸಲು ಕೂತೆ. ಚಿಕ್ಕಮ್ಮ ಕೈ ಹಿಡಿದಳು.

"ಕಡ ತಂದ ಪಾತ್ರೆ ಬರಿದೇ ಕೊಡ್ತಾರೇನ್ಲಾ? ಒಂದು ಗಿಣಿ ಇರ್ಲಿ ಅದ್ರಲ್ಲಿ."

ಇದೆ. ಹನೂರಿನ ಗೆಳೆಯ ಅದನ್ನು ಎಬ್ಬಿಸದಿದ್ದರೆ ಸಾಕು.